ತುರುಗೊಂಡವನ ಅರ್ಥ: ಅಲೆಯುವ ವೀರನ ಆಟಕ್ಕೆ ಸೊರಬ ಸೀಮೆಯ ಆಕರಗಳು

ಸೊರಬ ತಾಲ್ಲೂಕಿನ ಉಳವಿಯಿಂದ ಶಿಕಾರಿಪುರ ತಾಲ್ಲೂಕಿನ ತಾಳಗುಂದದವರೆಗಿನ ನೆಲ ಕನ್ನಡ ಶಾಸನಾಧ್ಯಯನಕ್ಕೆ ಹಳೆಯ ಪರಿಚಯದ್ದು. ಇಲ್ಲಿ ಉಳವಿಯೆಂದರೆ ಚೆನ್ನಬಸವಣ್ಣನ ಸಮಾಧಿಯಿರುವ ಉತ್ತರ ಕನ್ನಡದ ಕ್ಷೇತ್ರವಲ್ಲ, ಸೊರಬದ ಹೋಬಳಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟ 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ 8ನೆಯ ಸಂಪುಟ 1904ರಲ್ಲಿ ಸೊರಬದ ಶಾಸನಗಳನ್ನೂ ಅಚ್ಚಿಗೆ ತಂದವು. ಅಂದಿನಿಂದ ಆ ಪುಟಗಳನ್ನು ವಂಶಾವಳಿಗಾಗಿ, ಆಡಳಿತ ವಿಭಾಗಗಳಿಗಾಗಿ, ಭಾಷೆಯ ಅವಸ್ಥಾಂತರಗಳಿಗಾಗಿ ಓದುತ್ತ ಬರಲಾಗಿದೆ. ಅವುಗಳನ್ನು ಒಂದು ಆಟದ ಆಕರವಾಗಿ ಓದಬೇಕೆಂದರೆ ಸಂಶೋಧನಾವಲಯದಲ್ಲಿ ಅದು ಹಗುರ ಮಾತಾಗಿ ಕೇಳಿಸೀತು. ಆದರೆ ವೀರಗಲ್ಲಿನ ಪಠ್ಯದಲ್ಲಿ ಇದುವರೆಗೆ ಕೇಳದೆ ಉಳಿದಿರುವ ಒಂದು ಪ್ರಶ್ನೆಯನ್ನು ಕೇಳಿಸುವ ಶಕ್ತಿ ಆಟಕ್ಕಿದೆ.

ಇಲ್ಲಿ ಆಟವೆಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಿಂದ ಬೆಳೆದ ಬಗೆಯಿದು. ನಾಲ್ಕಾರು ಜನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಇನ್ನೊಬ್ಬರು ಕಥಾನಿರ್ವಾಹಕರಾಗಿ ಸನ್ನಿವೇಶವನ್ನು ಒಡ್ಡುತ್ತಾರೆ. ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂಬುದನ್ನು ಆಡುವವರು ಆ ಕ್ಷಣದಲ್ಲೇ ನಿರ್ಧರಿಸುತ್ತಾರೆ. ಅನಿಶ್ಚಿತವಾದದ್ದನ್ನು ದಾಳ ತೀರ್ಮಾನಿಸುತ್ತದೆ. ಕಥೆಗೆ ಮೊದಲೇ ಗೊತ್ತಾದ ಮುಕ್ತಾಯವಿಲ್ಲ. ಪ್ರಾಚೀನ ಚೀನಾದ ಅಲೆಯುವ ವೀರರನ್ನು ಕೇಂದ್ರವಾಗಿಟ್ಟುಕೊಂಡ ಇಂಥ ಆಟಗಳೂ ಅವುಗಳನ್ನು ನಡೆಸಲು ಬೇಕಾದ ಕೈಪಿಡಿಗಳೂ ಇವೆ. ಆ ವೀರರ ಲೋಕ ಕನ್ನಡ ತರಗತಿಯ ವಿದ್ಯಾರ್ಥಿಗೆ ತೀರ ಅಪರಿಚಿತವೂ ಅಲ್ಲ. 2000ದಲ್ಲಿ ತೆರೆಕಂಡ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಲನಚಿತ್ರದಿಂದ ಇಂದಿನ ಮೊಬೈಲ್ ಆಟಗಳವರೆಗೆ ಅದು ದೃಶ್ಯರೂಪದಲ್ಲಿ ಹರಡಿಕೊಂಡಿದೆ. ಬಿದಿರುಮೆಳೆಯ ತುದಿಯಲ್ಲಿ ಹಾರಾಡುವ ಖಡ್ಗಧಾರಿಯನ್ನು ಬಲ್ಲ ವಿದ್ಯಾರ್ಥಿ ತನ್ನೂರಿನ ಕೆರೆಯೇರಿಯ ಮೇಲಿನ ವೀರಗಲ್ಲಿನ ಹೆಸರನ್ನು ಬಲ್ಲನೇ ಎಂದು ಕೇಳಿ ನಿಟ್ಟುಸಿರಿಡುವುದು ಸುಲಭ. ಅದರಿಂದ ಪ್ರಯೋಜನ ಕಡಿಮೆ.

ಆ ಖಡ್ಗಧಾರಿಯ ಮೂಲ ಆಕರ ಹಾರಾಟದ್ದಲ್ಲ ಎಂಬುದು ಹೆಚ್ಚು ಗಮನಾರ್ಹ. ಸಿಮಾ ಚಿಯಾನ್ ಎಂಬ ಇತಿಹಾಸಕಾರ ಕ್ರಿ.ಪೂ. 1ನೆಯ ಶತಮಾನದ ಆರಂಭದ ಹೊತ್ತಿಗೆ ರಚಿಸಿದ ‘ಶಿಜಿ’ 130 ಅಧ್ಯಾಯಗಳ ಬೃಹತ್ ಕೃತಿ. ಅದರ 124ನೆಯ ಅಧ್ಯಾಯ ‘ಯೌಷಿಯಾ’ಗಳಿಗೆ, ಎಂದರೆ ಅಲೆಯುವ ವೀರರಿಗೆ ಮೀಸಲು. ಅದಕ್ಕೂ ಮುನ್ನ ಹಾನ್ ಫೇಯ್ ಎಂಬ ರಾಜನೀತಿಜ್ಞ ಇಂಥವರನ್ನು ರಾಜ್ಯವನ್ನು ಕೊರೆಯುವ ಐದು ಹುಳುಗಳಲ್ಲಿ ಒಂದೆಂದು ಎಣಿಸಿದ್ದ. ಸಿಮಾ ಚಿಯಾನ್ ಆ ತೀರ್ಪನ್ನು ಬಲ್ಲವನಾಗಿಯೂ ಅವರಿಗೆ ಚರಿತ್ರೆಯಲ್ಲಿ ಎಡೆಗೊಟ್ಟ. ಝು ಜಿಯಾ ಎಂಬವನು ಪ್ರಾಣಭಯದಲ್ಲಿದ್ದ ಒಬ್ಬ ಸೇನಾನಿಯನ್ನು ಉಳಿಸಿದ. ಆತ ದೊಡ್ಡ ಪದವಿಗೇರಿದ ಮೇಲೆ ಜೀವನಪರ್ಯಂತ ಅವನ ಮುಖವನ್ನು ನೋಡಲೂ ಹೋಗಲಿಲ್ಲ. ಗುವೊ ಜಿಯೆಯ ವೃತ್ತಾಂತ ಇನ್ನೂ ತೊಡಕಿನದು. ಅವನ ಸೋದರಳಿಯ ಮಾವನ ಹೆಸರಿನ ಬಲದಿಂದ ಒಬ್ಬನಿಗೆ ಬಲವಂತವಾಗಿ ಮದ್ಯ ಕುಡಿಸಿದ; ಸಿಟ್ಟಿಗೆದ್ದ ಆತ ಅಳಿಯನನ್ನು ಇರಿದು ಕೊಂದ. ಕೊಂದವನು ಬಂದು ನಡೆದದ್ದನ್ನು ಹೇಳಿದಾಗ ಗುವೊ ಜಿಯೆ, ತಪ್ಪು ತನ್ನ ಕಡೆಯ ಹುಡುಗನದೇ ಎಂದು ಅವನನ್ನು ಬಿಟ್ಟುಬಿಟ್ಟ. ಮುಂದೊಮ್ಮೆ ಗುವೊ ಜಿಯೆಯನ್ನು ನಿಂದಿಸಿದ ವಿದ್ವಾಂಸನೊಬ್ಬನನ್ನು ಅವನ ಅನುಯಾಯಿ ಕೊಂದು ನಾಲಿಗೆ ಕತ್ತರಿಸಿದ. ಗುವೊ ಜಿಯೆಗೆ ಅದರ ಅರಿವೇ ಇರಲಿಲ್ಲ. ಅರಿಯದೆಯೂ ತನ್ನ ಹೆಸರಿನಲ್ಲಿ ಕೊಲೆ ನಡೆಯುವಂಥ ಪ್ರಭಾವ ಸ್ವತಃ ಕೊಲ್ಲುವುದಕ್ಕಿಂತ ದೊಡ್ಡ ಅಪರಾಧವೆಂದು ಮಂತ್ರಿ ಗೊಂಗ್‌ಸುನ್ ಹೊಂಗ್ ವಾದಿಸಿದ. ಗುವೊ ಜಿಯೆಯ ಕುಲವೇ ನಾಶವಾಯಿತು.

ಆಟದ ನಿಜವಾದ ಸಂಪನ್ಮೂಲವೆಂದರೆ ಇದು. ಖಡ್ಗದ ಉದ್ದ, ಹೊಡೆತದ ಬಲ ಇವುಗಳ ಕೋಷ್ಟಕಗಳನ್ನು ಯಾರಾದರೂ ಬರೆದಾರು. ಉಪಕಾರ, ಮಾತು, ಹೆಸರು, ಹೊಣೆ ಇವು ಪಾತ್ರವನ್ನು ಎಲ್ಲೆಲ್ಲಿ ಕಟ್ಟಿಹಾಕುತ್ತವೆ ಎಂಬುದರ ಅರಿವಿಲ್ಲದೆ ಅಂಥ ಆಟ ಎರಡು ಗಂಟೆ ಹೊಡೆದಾಟವಾಗಿ ಮುಗಿಯುತ್ತದೆ. ಜಿನ್ ಯೊಂಗ್ 1955ರಿಂದ 1972ರವರೆಗೆ ಬರೆದ ಕಾದಂಬರಿಗಳು ಕೋಟ್ಯಂತರ ಓದುಗರನ್ನು ಹಿಡಿದದ್ದೂ ಬರಿಯ ಕತ್ತಿವರಸೆಯಿಂದಲ್ಲ. ಅಲ್ಲಿನ ವೀರರು ತಿರುಗಾಡುವ ಲೋಕಕ್ಕೆ ‘ನದಿಗಳು ಮತ್ತು ಸರೋವರಗಳು’ ಎಂಬ ಅರ್ಥದ ಹೆಸರಿದೆ. ಅರಮನೆಯ ಕೈಗೆ ಪೂರ್ತಿ ಎಟುಕದ, ಆದರೆ ತನ್ನದೇ ಕಟ್ಟುಪಾಡುಗಳಿರುವ ಲೋಕವದು.

ಅಂಥ ಲೋಕವನ್ನು ಸೊರಬ-ಶಿಕಾರಿಪುರದ ನೆಲದಲ್ಲಿ ಕಟ್ಟಲು ಸಾಧ್ಯವೇ? ಸಾಮಗ್ರಿ ಧಾರಾಳವಾಗಿದೆ. ಕುಬ್ಜ ಕವಿಯ ತಾಳಗುಂದದ ಸ್ತಂಭಶಾಸನ ಹೇಳುವ ಮಯೂರಶರ್ಮನ ಕಥೆಯನ್ನೇ ನೋಡಬಹುದು. ಓದಲೆಂದು ಗುರುವಿನೊಡನೆ ಕಂಚಿಯ ಘಟಿಕೆಗೆ ಹೋದ ಬ್ರಾಹ್ಮಣ ಯುವಕ, ಪಲ್ಲವರ ಕುದುರೆಸವಾರನೊಡನೆ ನಡೆದ ಕಲಹ, ದರ್ಭೆ ಹಿಡಿದ ಕೈಗೆ ಬಂದ ಕತ್ತಿ, ಗಡಿಗಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡನ್ನು ಹಿಡಿದದ್ದು, ಬೃಹದ್ಬಾಣರಿಂದ ಕಪ್ಪ ಪಡೆದದ್ದು. ಅರಸನಾಗುವ ಮುನ್ನಿನ ಈ ಮಯೂರ ಸಿಮಾ ಚಿಯಾನ್‌ನ ಅಧ್ಯಾಯದಲ್ಲಿದ್ದರೂ ಸಲ್ಲುವವನು. ತಾಳಗುಂದಕ್ಕೆ ಹತ್ತಿರದ ಬಳ್ಳಿಗಾವೆಯಲ್ಲಿ ಕಾಳಾಮುಖರ ಕೋಡಿಯ ಮಠವಿತ್ತು. ಅದರ 1162ರ ಶಾಸನ ಆ ಮಠವನ್ನು ವ್ಯಾಕರಣಗಳ ಪಾಠ ನಡೆಯುವ, ಕುಂಟರು ಕುರುಡರು ಕಿವುಡರಿಗೂ ನಟರು ಗಾಯಕರಿಗೂ ಅನ್ನ ಸಿಗುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವೆಂದು ವರ್ಣಿಸುತ್ತದೆ. ದಾರಿಹೋಕರೆಲ್ಲ ಒಂದೆಡೆ ಸೇರಲು ಇದಕ್ಕಿಂತ ಒಳ್ಳೆಯ ರಂಗಸ್ಥಳವನ್ನು ಯಾವ ಕಥಾನಿರ್ವಾಹಕನೂ ಕಲ್ಪಿಸಿಕೊಳ್ಳಲಾರ. ಬಳ್ಳಿಗಾವೆಯ ಶಾಸನದಲ್ಲೇ ಅಯ್ಯಾವೊಳೆಯ ಐನೂರ್ವರು ದೇಶದೇಶಗಳನ್ನು ಸುತ್ತಲೆಂದೇ ಹುಟ್ಟಿದವರಾಗಿ ಹೊಗಳಿಸಿಕೊಂಡಿದ್ದಾರೆ. ಹರಿಹರನ ರಗಳೆಯ ಅಲ್ಲಮ ಅದೇ ಊರಿನ ಮದ್ದಳೆಗಾರ. ಕಮಲತೆಯನ್ನು ಕಳೆದುಕೊಂಡು ಅಲೆಯಲು ಹೊರಟವನು. ಇವರನ್ನೆಲ್ಲ ಒಂದೇ ಆಟದಲ್ಲಿ ಕೂಡಿಸುವಂತಿಲ್ಲ ಎಂಬುದು ಬೇರೆ ಮಾತು. ಮಯೂರಶರ್ಮನಿಗೂ ಕೋಡಿಯ ಮಠದ ಆ ಶಾಸನಕ್ಕೂ ನಡುವೆ ಸುಮಾರು ಎಂಟು ಶತಮಾನಗಳಿವೆ. ಹನ್ನೆರಡನೆಯ ಶತಮಾನದ ಊಟದೆಲೆಗೆ ಮೆಣಸಿನಕಾಯಿ ಬಡಿಸುವ ಕಾದಂಬರಿಕಾರರ ಸಾಲಿಗೆ ಆಟ ಕಟ್ಟುವವರೂ ಸೇರಬಾರದು.

ಹೀಗೆ ಅಲೆಯುವವರು ಸಿಕ್ಕರು. ಆದರೆ ಈ ಸೀಮೆಯ ನಿಜವಾದ ವೀರನಾದ ವೀರಗಲ್ಲಿನ ವೀರ ಅಲೆಯುವವನಲ್ಲ, ನಿಂತವನು. ತುರುಗೋಳಿನಲ್ಲಿ, ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ, ಗಡಿಗಾಳಗದಲ್ಲಿ ಊರಿಗಾಗಿ ಅಥವಾ ಒಡೆಯನಿಗಾಗಿ ಕಾದಿ ಬಿದ್ದವನು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ವೇಳೆವಾಳಿ, ಜೋಳವಾಳಿ, ಲೆಂಕ, ಗರುಡ ಎಂಬ ಪರಿಕಲ್ಪನೆಗಳನ್ನು ಬಿಡಿಸಿಟ್ಟ ಮೇಲೆ ಈ ನಿಷ್ಠೆಯ ಸ್ವರೂಪ ಸಾಕಷ್ಟು ಸ್ಪಷ್ಟವಾಗಿದೆ. ಉಂಡ ಜೋಳದ ಋಣ ಅವನನ್ನು ನೆಲಕ್ಕೆ ಕಟ್ಟುತ್ತದೆ. ಚೀನೀ ವೀರನ ಋಣವೂ ಋಣವೇ. ಆದರೆ ಅದು ತನ್ನನ್ನು ಗುರುತಿಸಿದ ವ್ಯಕ್ತಿಗೆ ಸಂದದ್ದು. ಇಲ್ಲಿನದು ಬಹುಮಟ್ಟಿಗೆ ಊರಿಗೆ, ಒಡೆತನಕ್ಕೆ ಸಂದದ್ದು. ಈ ಅಂತರವನ್ನು ಮರೆತು ವೀರಗಲ್ಲಿನ ವೀರನಿಗೆ ಚೀನೀ ಪೋಷಾಕು ತೊಡಿಸಿದರೆ ಎರಡು ಪರಂಪರೆಗಳೂ ಕೆಡುತ್ತವೆ.

ಹಾಗಿದ್ದರೆ ಈ ದೃಶ್ಯದಲ್ಲಿ ಅಲೆಯುವವನು ಯಾರು? ತುರುಗೊಂಡವನು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು, ಗುರಾಣಿ ಹಿಡಿದು ಎದುರು ನಿಂತವನು, ಹಲವೆಡೆ ವೀರನ ಕಾಲಡಿ ಬಿದ್ದವನು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಒಯ್ಯುವುದು, ಮೇಲಿನದರಲ್ಲಿ ಶಿವಸನ್ನಿಧಿ ಸೇರುವುದು ಊರ ವೀರನಿಗೆ ಮಾತ್ರ. ಬಹಳಷ್ಟು ಕಲ್ಲುಗಳಲ್ಲಿ ದಾಳಿಕಾರನಿಗೆ ಹೆಸರಿಲ್ಲ. ಹೆಸರಿದ್ದಲ್ಲಿಯೂ ಅದು ದಂಡು ಕಳಿಸಿದ ಒಡೆಯನದು. ಅವನಿಗೂ ಒಂದು ಊರಿದ್ದಿರಬೇಕು. ಅಲ್ಲಿ ಅವನಿಗೂ ಒಂದು ಕಲ್ಲು ನಿಂತಿರಬಹುದು. ಅದರಲ್ಲಿ ಈ ಊರಿನವನು ಹೆಸರಿಲ್ಲದ ಶತ್ರುವಾಗಿರಬಹುದು. ಸೊರಬದಂತೆ ವೀರಗಲ್ಲುಗಳು ಒತ್ತಾಗಿರುವ ಸೀಮೆಯಲ್ಲಿ ಈ ಊಹೆ ಕೇವಲ ಕಾವ್ಯಾತ್ಮಕವಲ್ಲ. ನಮ್ಮ ವೀರಗಲ್ಲು ಅಧ್ಯಯನ ಕಲ್ಲನ್ನು ನಿಲ್ಲಿಸಿದವರ ಪಕ್ಷದಲ್ಲೇ ನಿಂತು ಓದುತ್ತ ಬಂದಿದೆ. ಶೌರ್ಯ, ತ್ಯಾಗ, ಸ್ವಾಮಿನಿಷ್ಠೆ ಎಂಬ ಪದಗಳು ಪ್ರಬಂಧದಿಂದ ಪ್ರಬಂಧಕ್ಕೆ ಹಾಗೆಯೇ ದಾಟುತ್ತಿರುವುದು ಇದಕ್ಕೆ ಸಾಕ್ಷಿ.

ಎದುರಾಳಿಗೆ ಮಾತು ಕೊಡುವ ವಿಧಾನಕ್ಕಾಗಿ ಅಮೆರಿಕದ ಕೈಪಿಡಿಯನ್ನು ನೆಚ್ಚಬೇಕಾಗಿಲ್ಲ. ಮಲೆನಾಡಿನ ಮಳೆಗಾಲದ ರಾತ್ರಿಗಳಿಗೆ ಒಗ್ಗಿದ ತಾಳಮದ್ದಳೆ ಮಾಡುತ್ತ ಬಂದಿರುವುದು ಅದನ್ನೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುಮಾತಿನಲ್ಲಿ ಅರ್ಥ ಹೇಳುತ್ತಾರೆ. ಪ್ರಸಂಗದ ಚೌಕಟ್ಟು ಗೊತ್ತಿರುತ್ತದೆ. ಮಾತು ಎತ್ತ ಹರಿಯುತ್ತದೆಂಬುದು ಗೊತ್ತಿರುವುದಿಲ್ಲ. ವಾಲಿವಧೆಯಲ್ಲಿ ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಪರಂಪರೆಯಲ್ಲಿ, ಸೋತವನ ವಾದಕ್ಕೆ ಪೂರ್ಣ ಅವಕಾಶವಿದೆ. ರಾಮನ ಪಾತ್ರಧಾರಿ ಅದಕ್ಕೆ ಉತ್ತರ ಕೊಡಲೇಬೇಕು. ದೈವತ್ವದ ಮರೆಯಲ್ಲಿ ತಪ್ಪಿಸಿಕೊಂಡರೆ ಸಭೆ ಒಪ್ಪುವುದಿಲ್ಲ. ಪಾತ್ರವಹಿಸುವ ಆಟದ ಕಥಾನಿರ್ವಾಹಕನಿಗೂ ಭಾಗವತನಿಗೂ, ಆಟಗಾರನಿಗೂ ಅರ್ಥಧಾರಿಗೂ ಇರುವ ಸಾಮ್ಯ ಮೇಲುಮೇಲಿನದಲ್ಲ. ಒಂದು ವ್ಯತ್ಯಾಸ ಮುಖ್ಯ: ತಾಳಮದ್ದಳೆಯಲ್ಲಿ ವಾಲಿ ಸಾಯಲೇಬೇಕು, ಆಟದಲ್ಲಿ ತುರುಗೊಂಡವನು ಸಾಯಬೇಕೆಂದೇನೂ ಇಲ್ಲ.

ಸ್ನಾತಕೋತ್ತರ ತರಗತಿಯಲ್ಲಿ ನಡೆಸಬಹುದಾದ ಆಟವೊಂದನ್ನು ಊಹಿಸಿಕೊಳ್ಳಬಹುದು. ಕಾಲ ಹನ್ನೆರಡನೆಯ ಶತಮಾನದ ನಡುಭಾಗ, ಸ್ಥಳ ನಾಗರಖಂಡದ ಒಂದು ಕಲ್ಪಿತ ಹಳ್ಳಿ. ತುರುಗೋಳು ನಡೆದುಹೋಗಿದೆ, ಊರ ಯುವಕನೊಬ್ಬ ದನಗಳನ್ನು ಮರಳಿಸಿ ಸತ್ತಿದ್ದಾನೆ, ದಾಳಿಕಾರರಲ್ಲಿ ಒಬ್ಬ ಗಾಯಗೊಂಡು ಸೆರೆಸಿಕ್ಕಿದ್ದಾನೆ. ಪಾತ್ರಗಳು ಊರ ಗಾವುಂಡ, ಸತ್ತವನ ಹೆಂಡತಿ, ಸೆರೆಯಾಳು, ದಾರಿಯಲ್ಲಿ ದಾಳಿಯನ್ನು ಕಂಡ ವರ್ತಕ, ಬಳ್ಳಿಗಾವೆಗೆ ಹೊರಟ ತಪಸ್ವಿ, ಕಲ್ಲು ಕೆತ್ತಬೇಕಾದ ರೂವಾರಿ. ಕಾಳಗ ಆಟದ ಮೊದಲೇ ಮುಗಿದಿದೆ ಎಂಬುದನ್ನು ಗಮನಿಸಬೇಕು. ಆಡಬೇಕಾದದ್ದು ಕಲ್ಲಿನ ಮೇಲೆ ಏನು ಬರೆಯಬೇಕೆಂಬುದನ್ನು. ನೆತ್ತರುಗೊಡಗೆ ಯಾರ ಕೈಗೆ ಹೋಗಬೇಕು? ಹೆಂಡತಿಗೆ ಬದುಕುವ ಆಯ್ಕೆಯಿದೆಯೇ, ಅಥವಾ ಊರು ಅವಳಿಂದ ಮಾಸ್ತಿಕಲ್ಲನ್ನು ನಿರೀಕ್ಷಿಸುತ್ತಿದೆಯೇ? ಹತ್ತನೆಯ ಶತಮಾನದ ಆರಂಭದಲ್ಲಿ ಇದೇ ನಾಗರಖಂಡದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ನಾಳ್ಗಾವುಂಡಿಕೆಯನ್ನು ಪಡೆದು ಆಳಿದ್ದು ಆ ಪಾತ್ರ ವಹಿಸುವ ವಿದ್ಯಾರ್ಥಿನಿಗೆ ಗೊತ್ತಿದ್ದರೆ ಅವಳ ವಾದಕ್ಕೆ ಬೇರೆಯೇ ಬಲ ಬಂದೀತು. ಸೆರೆಯಾಳು ತನ್ನ ಊರಿನ ಬರವನ್ನೋ ಒಡೆಯನ ಆಜ್ಞೆಯನ್ನೋ ಹಿಂದಿನ ವರ್ಷ ಈ ಊರಿನವರೇ ತನ್ನ ಊರಿನ ತುರುವನ್ನು ಒಯ್ದದ್ದನ್ನೋ ಹೇಳಬಹುದು. ಅವನ ಮಾತಿಗೆ ಗಾವುಂಡ ಏನು ಹೇಳುತ್ತಾನೆ ಎಂಬುದೇ ಆಟ. ಗುವೊ ಜಿಯೆ ಇಲ್ಲಿ ಪಾತ್ರವಾಗಿ ಬರಬೇಕಿಲ್ಲ. ತನ್ನವನದೇ ತಪ್ಪೆಂದು ಒಪ್ಪಿ ಕೊಂದವನನ್ನು ಬಿಟ್ಟ ಅವನ ನಡೆ ಗಾವುಂಡನ ಮುಂದಿನ ಒಂದು ಸಾಧ್ಯತೆಯಾಗಿ ನಿಂತರೆ ಸಾಕು.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಒಂದನ್ನು ಗಂಭೀರವಾಗಿ ಪರಿಗಣಿಸಬೇಕು. ಕಲ್ಪಿಸಿದ ಮಾತು ನಾಳೆ ಸ್ಥಳಪುರಾಣವಾಗುತ್ತದೆ, ನಾಡಿದ್ದು ಚರಿತ್ರೆಯಾಗುತ್ತದೆ. ಆಟದಲ್ಲಿ ಹುಟ್ಟಿದ ಹೆಸರೊಂದು ಊರಿನ ಜಾತಿಯೊಂದರ ಮೂಲಪುರುಷನಾಗಿ ಮೆರವಣಿಗೆ ಹೊರಡುವುದು ಅಸಾಧ್ಯವಲ್ಲ. ವೀರರ ವಿಷಯದಲ್ಲಿ ನಮ್ಮ ಕಾಲ ಬಹಳ ಬೇಗ ಬಿಸಿಯಾಗುತ್ತದೆ. ಆದ್ದರಿಂದಲೇ ಈ ಕೆಲಸವನ್ನು ಮನರಂಜನೆಯ ಉದ್ಯಮಕ್ಕೆ ಬಿಡದೆ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಆಟದ ಆಕರಪುಸ್ತಕದಲ್ಲಿ ಶಾಸನೋಕ್ತವಾದದ್ದು, ಶಾಸನಗಳಿಂದ ಊಹಿಸಬಹುದಾದದ್ದು, ಆಟಕ್ಕಾಗಿ ಕಟ್ಟಿದ್ದು ಇವು ಪುಟಪುಟದಲ್ಲೂ ಬೇರೆ ಬೇರೆಯಾಗಿ ಕಾಣಬೇಕು. ಊರೂ ವ್ಯಕ್ತಿಯೂ ಕಲ್ಪಿತವಾಗಿರಬೇಕು. ಅಳತೆ, ನಾಣ್ಯ, ಬೆಳೆ, ಆಯುಧ, ಪದವಿ, ದತ್ತಿಯ ಬಗೆ ನಿಜವಾಗಿರಬೇಕು. ಇಂಥ ಪುಸ್ತಕ ಸಿದ್ಧಪಡಿಸುವವರು ಶಾಸನ ಸಂಪುಟವನ್ನು ಅರಸರ ಅನುಕ್ರಮದಲ್ಲಿ ಓದಿದರೆ ಸಾಲದು. ಕಾಲ್ನಡಿಗೆಯ ಅನುಕ್ರಮದಲ್ಲಿ ಓದಬೇಕಾಗುತ್ತದೆ. ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಒಂದು ದಿನದ ದಾರಿ, ನಡುವೆ ಯಾವ ಹೊಳೆ, ಯಾವ ಮಠ, ಯಾವ ಸಂತೆ, ದನಗಳನ್ನು ಅಟ್ಟಿಕೊಂಡು ಹೋಗಲು ಯಾವ ಕಣಿವೆ ಎಂಬುದು ತಿಳಿಯದೆ ತುರುಗೋಳಿನ ಆಟ ನಡೆಯದು. ಹಾಗೆ ನಕ್ಷೆ ಹಾಕುವಾಗ ಎರಡು ನೆರೆಯೂರುಗಳ ಕಲ್ಲುಗಳು ಒಂದೇ ದಾಳಿಯ ಎರಡು ಬದಿಗಳನ್ನು ಹೇಳುತ್ತಿರುವುದು ಎಲ್ಲಾದರೂ ಕಂಡುಬಂದರೆ, ಆ ಜೋಡಿಯಿಂದಲೇ ಮೊದಲ ಪ್ರಸಂಗವನ್ನು ಕಟ್ಟಬಹುದು. ಉಳವಿ, ಚಂದ್ರಗುತ್ತಿ, ಕುಪ್ಪಗಡ್ಡೆ, ಜಡೆ, ಆನವಟ್ಟಿ ಹೋಬಳಿಗಳ ಕಲ್ಲುಗಳನ್ನು ಹೀಗೆ ಜೋಡಿಯಾಗಿ ಹುಡುಕುವ ಕ್ಷೇತ್ರಕಾರ್ಯ ಒಬ್ಬ ಎಂ.ಫಿಲ್. ವಿದ್ಯಾರ್ಥಿಗೆ ಹಿಂದೆ ಸಾಕಾಗುವಷ್ಟಿತ್ತು. ಈಗ ಅದನ್ನು ಸ್ನಾತಕೋತ್ತರ ತರಗತಿಯ ಒಂದು ತಂಡ ಒಂದು ಬೇಸಿಗೆಯಲ್ಲಿ ಆರಂಭಿಸಬಹುದು.