ತೂಕವೂ ವಿಶ್ವಾಸವೂ

ರಬಕವಿ-ಬನಹಟ್ಟಿಯ ನೇಕಾರಿಕೆಯಲ್ಲಿ ಒಂದು ಹಳೆಯ ರೂಢಿಯುಂಟು. ಮಾಲಕನು ನೂಲನ್ನು ತೂಗಿ ಕೊಡುವನು. ನೇಕಾರನು ಸೀರೆಯನ್ನು ತೂಗಿ ಒಪ್ಪಿಸುವನು. ಮಗ್ಗದಲ್ಲಿ ಉಳಿದ ನೂಲು, ತುಂಡಾಗಿ ಹಾಳಾದ ನೂಲು ಇವೆರಡೂ ಲೆಕ್ಕಕ್ಕೆ ಸೇರಿದ ಮೇಲೆಯೇ ಖಾತೆ ಮುಗಿಯುವುದು. ಹಾಗೆ ತೂಗಿದ ಮಾತ್ರಕ್ಕೆ ಯಾರೂ ಯಾರನ್ನೂ ಕಳ್ಳರೆಂದು ಬಗೆದಂತಾಗುವುದಿಲ್ಲ. ತೂಕವಿರುವುದರಿಂದಲೇ ವಿಶ್ವಾಸವೂ ಉಳಿಯುತ್ತದೆ.

ಅಣುದ್ರವ್ಯಗಳ ಮೇಲಣ ಅಂತರರಾಷ್ಟ್ರೀಯ ಕಾವಲೂ ಮೂಲತಃ ಇದೇ ಬಗೆಯದು. 1957ರಲ್ಲಿ ಸ್ಥಾಪಿತವಾಗಿ ವಿಯೆನ್ನಾದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪರೀಕ್ಷಕರು ಸ್ಥಾವರದ ಖಾತೆಗಳನ್ನು ನೋಡುತ್ತಾರೆ, ಇಂಧನವನ್ನು ಎಣಿಸುತ್ತಾರೆ, ಉಗ್ರಾಣಕ್ಕೆ ಮೊಹರು ಹಾಕಿ ಕ್ಯಾಮರಾ ಇರಿಸುತ್ತಾರೆ. ಮುಧೋಳದ ರನ್ನನು ಸರಸ್ವತಿಯ ಬೊಕ್ಕಸದ ಮೊಹರನ್ನೇ ಒಡೆದೆನೆಂದು ಹೆಮ್ಮೆಪಟ್ಟವನು; ಕವಿಗೆ ಅದು ಭೂಷಣ. ಈ ಬೊಕ್ಕಸದ ಮಾತು ಬೇರೆ. ಉರಿದ ಯುರೇನಿಯಂ ಇಂಧನದಲ್ಲಿ ಪ್ಲುಟೋನಿಯಂ ಹುಟ್ಟುತ್ತದೆ. ಒಂದು ಬಾಂಬಿಗೆ ಸಾಕಾಗಬಹುದೆಂದು ಸಂಸ್ಥೆ ಗಣಿಸಿರುವ ಅದರ ಪ್ರಮಾಣ 8 ಕಿಲೋಗ್ರಾಂ. ಆ ಲೋಹ ಎಷ್ಟು ಭಾರವೆಂದರೆ, ಅಷ್ಟೂ ಒಂದು ತಂಬಿಗೆಯಲ್ಲಿ ಅಡಗೀತು.

ಲೆಕ್ಕ ತಪ್ಪುವುದು ಪರದೇಶದ ಸಂಗತಿಯೇನೂ ಅಲ್ಲ. 2010ರಲ್ಲಿ ಪ್ರಯೋಗಶಾಲೆಯ ಹಳೆಯ ಉಪಕರಣವೊಂದು ಹರಾಜಾಗಿ ದಿಲ್ಲಿಯ ಮಾಯಾಪುರಿ ಗುಜರಿ ಪೇಟೆಯನ್ನು ಸೇರಿತು. ಅದರೊಳಗಿದ್ದ ಕೋಬಾಲ್ಟ್-60ರ ವಿಕಿರಣಕ್ಕೆ ಒಬ್ಬ ಕೆಲಸಗಾರ ಬಲಿಯಾದನು. ಅದು ಬಾಂಬಿನ ದ್ರವ್ಯವಲ್ಲ, ನಿಜ. ಮರೆತ ಲೆಕ್ಕಕ್ಕೆ ಯಾರು ಬೆಲೆ ತೆರುತ್ತಾರೆಂಬುದನ್ನು ಮಾತ್ರ ಅದು ತೋರಿಸಿಕೊಟ್ಟಿತು.

ಇನ್ನು ನಮ್ಮ ನಾಡಿನ ಕೈಗಾದ ವಿಚಾರ. ಕಾಳೀ ನದಿಯ ದಡದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ನಮ್ಮ ಮಗ್ಗಗಳನ್ನು ನಡೆಸುವ ವಿದ್ಯುತ್ತಿನಲ್ಲಿ ಅವುಗಳ ಪಾಲೂ ಉಂಟು. 2006ರಲ್ಲಿ ಭಾರತ ಸರಕಾರವು, ಆಗ ನಡೆಯುತ್ತಿದ್ದ ಮತ್ತು ಕಟ್ಟಲಾಗುತ್ತಿದ್ದ 22 ರಿಯಾಕ್ಟರುಗಳಲ್ಲಿ 14ನ್ನು ಸಂಸ್ಥೆಯ ತಪಾಸಣೆಗೆ ಒಪ್ಪಿಸಲು ನಿರ್ಧರಿಸಿತು. 2009ರಲ್ಲಿ ಒಪ್ಪಂದ ಜಾರಿಗೆ ಬಂದಿತು. ಹೊರಗುಳಿದ 8ರಲ್ಲಿ ಕೈಗಾದ ನಾಲ್ಕೂ ಸೇರಿದ್ದವು. ಅಲ್ಲಿ ಲೆಕ್ಕವೇ ಇಲ್ಲವೆಂದು ಇದರ ಅರ್ಥವಲ್ಲ. ಲೆಕ್ಕ ಇಡುವವರೂ ನಾವೇ, ಸರಿಯೆಂದು ಹೇಳುವವರೂ ನಾವೇ, ಅಷ್ಟೆ.

ಅಣ್ವಸ್ತ್ರವುಳ್ಳ ಪ್ರಬಲ ರಾಷ್ಟ್ರಗಳು ತಮಗೆ ಇಷ್ಟಬಂದ ಸ್ಥಾವರಗಳನ್ನಷ್ಟೇ ತೋರಿಸುತ್ತಿರುವಾಗ ನಾವೇಕೆ ಬಾಗಿಲು ತೆರೆಯಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಆ ಪಕ್ಷಪಾತವನ್ನು ಯಾರೂ ಸಮರ್ಥಿಸಲಾರರು. ಆದರೆ ಜಮಖಂಡಿ, ಮುಧೋಳ, ಬೀಳಗಿಯ ಕಬ್ಬು ಬೆಳೆಗಾರರನ್ನು ಕೇಳಿ ನೋಡಿ. ತೂಕದ ವಿಷಯದಲ್ಲಿ ಕಾರ್ಖಾನೆಯ ಮಾತೊಂದೇ ಸಾಲದು, ಹೊರಗಿನ ಕಾಟಾದಲ್ಲಿಯೂ ತೂಗಿಸಿ ನೋಡುವ ಹಕ್ಕು ಬೇಕೆಂಬುದು ಅವರ ಬಹುಕಾಲದ ಬೇಡಿಕೆ. ಕಬ್ಬಿಗೆ ಬೇಕಾದ ನ್ಯಾಯ ಪ್ಲುಟೋನಿಯಮ್ಮಿಗೆ ಬೇಡವೇ?

ವಿದ್ಯುತ್ತಿಗಾಗಿ ಕಟ್ಟಿದ ಕೈಗಾವನ್ನು ಭಾರತವು ಯಾರ ಒತ್ತಾಯವೂ ಇಲ್ಲದೆ, ತಾನಾಗಿಯೇ ತಪಾಸಣೆಗೆ ಒಪ್ಪಿಸುವುದು ಉಚಿತವೆಂದು ನನ್ನ ಅಭಿಪ್ರಾಯ. ಇದರಿಂದ ನಮ್ಮ ಮಾನಕ್ಕೆ ಕುಂದು ಬರುವುದೆಂದು ಅಂಜಬೇಕಾಗಿಲ್ಲ. ತನ್ನ ತಕ್ಕಡಿಯನ್ನು ಬಯಲಿನಲ್ಲಿಟ್ಟವನಿಗೆ ದೊಡ್ಡ ಅಂಗಡಿಯವನ ತಕ್ಕಡಿಯನ್ನೂ ಹೊರಗೆ ತಾರೆಂದು ಕೇಳುವ ಅಧಿಕಾರ ಬರುತ್ತದೆ. ಮುಚ್ಚಿಟ್ಟವನಿಗೆ ಆ ಅಧಿಕಾರವಿಲ್ಲ.