ಮನೆಯೊಳಗಿನ ತೆಂಗು ಮತ್ತು ಮನದೊಳಗಿನ ಭಯ

ಗೃಹಪ್ರವೇಶ, ಮದುವೆ ಮೊದಲಾದ ಮಂಗಳಕಾರ್ಯಗಳಲ್ಲಿ ಕಲಶದ ಮೇಲಿರಿಸಿದ ತೆಂಗಿನಕಾಯಿ ಕೆಲವೊಮ್ಮೆ ಮೊಳೆಯುವುದುಂಟು. ಅದನ್ನು ಕಂಡ ಮನೆಮಂದಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಹಳ್ಳಿಯಲ್ಲಾದರೆ ಆ ಸಸಿ ಹಿತ್ತಿಲಿಗೋ ತೋಟದ ಬದುವಿಗೋ ಸೇರುತ್ತದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಹಿತ್ತಿಲೆಲ್ಲಿಂದ ಬರಬೇಕು? ಕುಂಡವೊಂದನ್ನು ತಂದು, ಸಸಿಯನ್ನು ನೆಟ್ಟು, ನಡುಮನೆಯ ಮೂಲೆಯಲ್ಲಿಟ್ಟು ದಿನವೂ ಭಕ್ತಿಯಿಂದ ನೀರೆರೆಯುತ್ತೇವೆ. ವರ್ಷವೊಂದು ಕಳೆಯುವಷ್ಟರಲ್ಲಿ ಗರಿಯ ತುದಿ ಕಂದುತ್ತದೆ, ಸುಳಿ ಬಾಡುತ್ತದೆ. ಅಲ್ಲಿಂದ ಮನೆಯಲ್ಲಿ ಬೇರೆಯೇ ಒಂದು ಕಾಯಿಲೆ ಆರಂಭವಾಗುತ್ತದೆ. ಆರೋಗ್ಯದ ಈ ಪುಟದಲ್ಲಿ ತೆಂಗಿನ ಸಸಿಯ ಮಾತನ್ನೆತ್ತಲು ಆ ಕಾಯಿಲೆಯೇ ಕಾರಣ.

ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇವೆ. ಹೊಸ ಮನೆಯ ಕಲಶದ ಕಾಯಿ ಮೊಳೆತಾಗ ನಮ್ಮ ತಾಯಿಯವರು ಅದನ್ನು ಮನೆಯ ಮಗುವಿನಂತೆ ಸಾಕಿದರು. ಹದಿನಾಲ್ಕನೆಯ ತಿಂಗಳಿಗೆ ಸುಳಿ ಕೊಳೆಯಿತು. ತಾಯಿಯವರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಊಟ ಕಡಿಮೆಯಾಯಿತು, ನಿದ್ರೆ ದೂರವಾಯಿತು. ಒಂದು ರಾತ್ರಿ, "ಮನೆಗೆ ಏನೋ ಕೇಡು ಕಾದಿದೆ" ಎಂದು ಕಣ್ಣೀರಿಟ್ಟರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದಿದ್ದರಿಂದ ಅವರ ಅಂಜಿಕೆಗೆ ಆಧಾರವೂ ಸಿಕ್ಕಂತಾಗಿತ್ತು. ಸಮಾಧಾನಪಡಿಸಲು ನಮಗೂ ಮಾತು ತೋಚಲಿಲ್ಲ.

ತಿಪಟೂರು ಸೀಮೆಯಲ್ಲಿ ತೋಟ ಮಾಡುವ ನಮ್ಮ ಸೋದರಮಾವ ಬಂದಾಗ ಸಸಿಯನ್ನು ಕುಂಡದಿಂದ ಎತ್ತಿ ತಾಯಿಯವರ ಮುಂದೆಯೇ ಬಿಡಿಸಿ ತೋರಿಸಿದರು. ಕಾಯಿಯ ಒಳಗೆ ತಿರುಳೆಲ್ಲ ಮುಗಿದು ಬರಿಯ ಚಿಪ್ಪು ಉಳಿದಿತ್ತು. ಬೇರುಗಳು ಕಪ್ಪಾಗಿ ಕೊಳೆತಿದ್ದವು. ಕುಂಡದ ತಳದಲ್ಲಿ ನೀರು ನಿಂತು ನಾರುತ್ತಿತ್ತು. "ಅಕ್ಕಾ, ಇದರಲ್ಲಿ ಶಕುನ ಏನೂ ಇಲ್ಲ. ಗಿಡಕ್ಕೆ ಬಿಸಿಲು ಸಾಲಲಿಲ್ಲ, ನೀರು ಜಾಸ್ತಿಯಾಯಿತು, ಅಷ್ಟೆ" ಎಂದರು. ಆ ಮಾತಿನಿಂದ ತಾಯಿಯವರ ಮುಖ ತಿಳಿಯಾದುದನ್ನು ನಾವು ಕಂಡೆವು.

ಮಾವನವರು ಹೇಳಿದ್ದು ತೆಂಗಿನ ಸ್ವಭಾವವನ್ನೇ. ಮೊಳೆತ ಕಾಯಿಯೊಳಗೆ ಸ್ಪಂಜಿನಂತಹ ಬಿಳಿಯ ಗಡ್ಡೆಯೊಂದು ಬೆಳೆದು, ತಿರುಳಿನ ಸತ್ತ್ವವನ್ನು ಹೀರಿ ಎಳೆಯ ಸಸಿಗೆ ಉಣಿಸುತ್ತದೆ. ಸುಮಾರು ಒಂದು ವರ್ಷ ಈ ಬುತ್ತಿ ನಡೆಯುತ್ತದೆ. ಆದುದರಿಂದಲೇ ನೆರಳಿನ ಮೂಲೆಯಲ್ಲಿಯೂ ಮೊದಲ ವರ್ಷ ಸಸಿ ಹಸಿರಾಗಿ ಕಂಗೊಳಿಸಿ ನಮ್ಮನ್ನು ನಂಬಿಸುತ್ತದೆ. ಬುತ್ತಿ ಮುಗಿದ ಮೇಲೆ ಅದು ತನ್ನ ಎಲೆಗಳಿಂದಲೇ ಆಹಾರ ತಯಾರಿಸಿಕೊಳ್ಳಬೇಕು. ಅದಕ್ಕೆ ಬೆಳಕು ಬೇಕು. ತೆಂಗು ಕರಾವಳಿಯ ಬಯಲು ಬಿಸಿಲಿನ ಮರ. ವರ್ಷಕ್ಕೆ ಸುಮಾರು 2000 ಗಂಟೆಗಳ ಬಿಸಿಲು ಅದಕ್ಕೆ ಬೇಕೆಂದು ಕೃಷಿಶಾಸ್ತ್ರ ಹೇಳುತ್ತದೆ. ನಡುಮನೆಯ ವಿದ್ಯುದ್ದೀಪ ಆ ಕೊರತೆಯನ್ನು ನೀಗದು. ಅಲ್ಲದೆ ತೆಂಗಿಗೆ ಬೆಳೆಯುವ ಸುಳಿ ಒಂದೇ. ಬೇರೆ ಗಿಡಗಳಂತೆ ಪಕ್ಕದಲ್ಲಿ ಚಿಗುರೊಡೆದು ಅದು ಬದುಕಲಾರದು. ಸುಳಿ ಹೋದರೆ ಗಿಡ ಹೋದಂತೆ.

ಹಾಗಾದರೆ ಮನೆಯೊಳಗೆ ತೆಂಗನ್ನು ಸಾಕಲೇಬಾರದೇ? ಸಾಕಬಹುದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಕ್ರಮವರಿತು ಸಾಕಬೇಕು. ತಳದಲ್ಲಿ ರಂಧ್ರವಿರುವ, ಕನಿಷ್ಠ ಒಂದು ಅಡಿ ಆಳದ ಕುಂಡವನ್ನು ಆರಿಸಿಕೊಳ್ಳಿ. ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮನಾಗಿ ಬೆರೆಸಿ ತುಂಬಿ. ಕಾಯಿಯನ್ನು ಪೂರ್ತಿ ಹೂಳದೆ ಮೇಲಿನ ಅರ್ಧಭಾಗ ಕಾಣುವಂತೆ ನೆಡಿ. ಮನೆಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಬಾಲ್ಕನಿ ಅಥವಾ ಕಿಟಕಿಯೇ ಅದರ ಸ್ಥಾನ. ಒಳಗಿದ್ದ ಸಸಿಯನ್ನು ಒಮ್ಮೆಲೇ ಉರಿಬಿಸಿಲಿಗೆ ಒಡ್ಡಿದರೆ ಗರಿ ಸುಡುತ್ತದೆ; ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು. ಬೆರಳನ್ನು ಮಣ್ಣಿಗೆ ಊರಿ ನೋಡಿ, ಮೇಲ್ಪದರ ಒಣಗತೊಡಗಿದಾಗ ತಳದಿಂದ ಹರಿಯುವಷ್ಟು ನೀರು ಕೊಡಿ. ಸುಳಿಯಲ್ಲಿ ನೀರು ನಿಲ್ಲದಿರಲಿ. ಕಲಶದ ಕಾಯಿ ಸಿಪ್ಪೆ ಸುಲಿದದ್ದಾದ್ದರಿಂದ ತೇವ ಹಿಡಿದಿಡುವ ನಾರಿನ ಹೊದಿಕೆ ಅದಕ್ಕಿಲ್ಲ. ಬೇಸಿಗೆಯಲ್ಲಿ ಹೆಚ್ಚು ಗಮನ ಬೇಕು. ಹವಾನಿಯಂತ್ರಕದ ಒಣಗಾಳಿ ಅದಕ್ಕೆ ಆಗದು. ಎರಡನೆಯ ವರ್ಷದಿಂದ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕಿ. ತೋಟದ ಗುಂಡಿಗೆ ಉಪ್ಪು ಹಾಕುವ ರೂಢಿ ಕೆಲವೆಡೆ ಇದೆಯೆಂದು ಕುಂಡಕ್ಕೆ ಹಾಕಬೇಡಿ. ಅಲ್ಲಿ ಅದು ಸಂಗ್ರಹವಾಗಿ ಬೇರನ್ನು ಸುಡುತ್ತದೆ. ಗರಿಯ ಅಡಿಯಲ್ಲಿ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬಹಳಮಟ್ಟಿಗೆ ಸಾಕು.

ಆರೋಗ್ಯದ ದೃಷ್ಟಿಯಿಂದ ಎರಡು ಮಾತು. ಮೊದಲನೆಯದು, ಕುಂಡದ ಕೆಳಗಿನ ತಟ್ಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯ ಆಸುಪಾಸಿನ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಒಣಗಿದ ತಟ್ಟೆಗೆ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ತಟ್ಟೆಯ ನೀರನ್ನು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತಪ್ಪದೆ ಉಜ್ಜಿ ತೊಳೆದು ಒಣಗಿಸಬೇಕು. ಎರಡನೆಯದು, ಗಿಡ ಗಾಳಿಯನ್ನು ಶುದ್ಧಿ ಮಾಡುತ್ತದೆಂಬ ನಂಬಿಕೆ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಮಾತು ಹಬ್ಬಿತು. ಆದರೆ ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂತಹ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಗೆ ಗಿಡಗಳು ಸಮನಾಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕಾಗುತ್ತವೆ ಎಂದು ಲೆಕ್ಕಹಾಕಿತು. ಉಬ್ಬಸವಿರುವವರ ಮನೆಯಲ್ಲಿ ಗಿಡವನ್ನು ನಂಬಿ ಕಿಟಕಿ ಮುಚ್ಚಿಕೊಂಡು ಕೂರಬಾರದು.

ಇಷ್ಟಾಗಿಯೂ ಗಿಡದಿಂದ ದೊರೆಯುವ ಸುಖ ಸುಳ್ಳಲ್ಲ. ಊರು, ಹೊಲ, ನೆರೆಹೊರೆಗಳನ್ನು ಬಿಟ್ಟು ಮಕ್ಕಳ ಮನೆಗೆ ಬಂದ ಹಿರಿಯರಿಗೆ ಬೆಳಗಿನ ಬಿಸಿಲಲ್ಲಿ ನಿಂತು ನೋಡಿಕೊಳ್ಳುವ ಜೀವವೊಂದು ಸಿಕ್ಕಂತಾಗುತ್ತದೆ. ಅದರ ಹೊಣೆ ಅವರದೇ ಆಗಿರಲಿ. ಭಾರವಾದ ಕುಂಡವನ್ನು ಎತ್ತಿಡುವ ಕೆಲಸ ಮಾತ್ರ ಮನೆಯ ಕಿರಿಯರದಾಗಲಿ.

ಆದರೆ ತೆಂಗು ಮನೆಯೊಳಗೆ ಕೊನೆತನಕ ಉಳಿಯುವ ಗಿಡವಲ್ಲ. ಎತ್ತರದ ತಳಿಗಳು 20ರಿಂದ 30 ಮೀಟರಿನವರೆಗೆ ಬೆಳೆಯುತ್ತವೆ. ಮರದಿಂದ ಮರಕ್ಕೆ ಸುಮಾರು 25 ಅಡಿ ಅಂತರ ಬೇಡುತ್ತವೆ. ಒಂದೂವರೆ ಎರಡು ವರ್ಷ ಸಾಕಿ, ಗರಿ ಸೂರಿನತ್ತ ಚಾಚುವ ಮೊದಲೇ ಅದನ್ನು ನೆಲಕ್ಕೆ ಒಪ್ಪಿಸಬೇಕು. ಊರಿನ ತೋಟ, ಶಾಲೆಯ ಅಂಗಳ, ಬಂಧುಗಳ ಹಿತ್ತಿಲು, ಯಾವುದಾದರೂ ಸರಿ, ಮುಂಗಾರಿನ ಆರಂಭದಲ್ಲಿ ನೆಟ್ಟರೆ ಒಳ್ಳೆಯದು. "ಕಲಶದ ಗಿಡವನ್ನು ಮನೆಯಿಂದ ಕಳಿಸಿದರೆ ಲಕ್ಷ್ಮಿಯನ್ನೇ ಕಳಿಸಿದಂತೆ" ಎನ್ನುವವರಿದ್ದಾರೆ. ಕತ್ತಲ ಮೂಲೆಯಲ್ಲಿ ಅದನ್ನು ಒಣಗಿಸುವುದು, ಒಣಗಿತೆಂದು ಮನೆಯ ಹೆಣ್ಣುಮಕ್ಕಳ ಮೇಲೆ ದೋಷ ಹೊರಿಸುವುದು ಯಾವ ಮಂಗಳ? ಗಿಡ ಬಾಡಿದರೆ ಬೇರನ್ನು ನೋಡಿ, ಬೆಳಕನ್ನು ನೋಡಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರನ್ನು ಕಾಣಿ. ಎರಡಕ್ಕೂ ಗಂಟುಹಾಕಿ ನಿದ್ರೆಗೆಡಬೇಡಿ.

ಮರುವರ್ಷ ತಂಗಿಯ ಮದುವೆಯ ಕಲಶದ ಕಾಯಿಯೂ ಮೊಳೆಯಿತು. ತಾಯಿಯವರು ಈ ಸಲ ಅದನ್ನು ಬಾಲ್ಕನಿಯ ಬಿಸಿಲಿನಲ್ಲಿಟ್ಟರು. ಹದಿನೆಂಟು ತಿಂಗಳು ಸಾಕಿ, ಮಳೆಗಾಲದ ಮೊದಲಲ್ಲಿ ತಾವೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಮ್ಮನ ತೋಟಕ್ಕೆ ಒಯ್ದರು. ಈಗ ಊರಿಗೆ ಫೋನ್ ಮಾಡಿದಾಗಲೆಲ್ಲ ತಮ್ಮನ ಕ್ಷೇಮ ಕೇಳಿದ ಮೇಲೆ ಅವರು ವಿಚಾರಿಸುವುದು ಆ ಗಿಡ ಎಷ್ಟು ಗರಿ ಬಿಟ್ಟಿದೆ ಎಂಬುದನ್ನೇ.