ಚಿತ್ರೋತ್ಸವವೂ ರಸಾಸ್ವಾದವೂ

ಚಲಚ್ಚಿತ್ರೋತ್ಸವಗಳಿಗೆ ಹೋಗಿಬಂದ ಮಹನೀಯರು ತಾವು ಕಂಡ ಚಿತ್ರಗಳ ವಿಷಯವಾಗಿ ಬರೆದು ಪ್ರಕಟಿಸುವ ಲೇಖನಗಳು ಈಚೆಗೆ ಹೆಚ್ಚಾಗಿವೆ. ಅವೆಲ್ಲಕ್ಕೂ ಒಂದೇ ಅಚ್ಚು. ಆರು ದಿವಸಗಳಲ್ಲಿ ಇಪ್ಪತ್ತೆಂಟು ಚಿತ್ರಗಳನ್ನು ನೋಡಿದುದಾಗಿ ಮೊದಲು ಘೋಷಣೆ, ಅನಂತರ ಪಟ್ಟಿ. ಇರಾನಿನದು ಮನಸ್ಸನ್ನು ಕಲಕಿತು, ಹಂಗೆರಿಯದು ನಿಧಾನವಾಯಿತು, ಜಪಾನಿನದರಲ್ಲಿ ಛಾಯಾಗ್ರಹಣವು ಸೊಗಸು, ಅರ್ಜೆಂಟೀನದ್ದನ್ನು ಅರ್ಧಕ್ಕೇ ಬಿಟ್ಟು ಏಳಬೇಕಾಯಿತು, ಏಕೆಂದರೆ ಪಕ್ಕದ ಪರದೆಯ ಮೇಲೆ ಪ್ರಶಸ್ತಿ ಪಡೆದ ಮತ್ತೊಂದು ಚಿತ್ರವು ಆರಂಭವಾಗುವುದರಲ್ಲಿದ್ದಿತು. ಜಾತ್ರೆಗೆ ಹೋದವರು ಕೊಂಡುತಂದ ಸಾಮಾನನ್ನು ಜಗಲಿಯ ಮೇಲೆ ಹರಡಿ ತೋರಿಸುವುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಇದನ್ನು ವಿಮರ್ಶೆಯೆಂದು ಕರೆಯುವುದಾದರೆ, ಹೋಟೆಲಿನ ಗೋಡೆಗೆ ತೂಗುಹಾಕಿದ ತಿಂಡಿಯ ಪಟ್ಟಿಯನ್ನು ಪಾಕಶಾಸ್ತ್ರವೆಂದು ಕರೆಯುವುದಕ್ಕೆ ಏನು ಅಡ್ಡಿ?

ಈ ಮಹನೀಯರ ಚಿತ್ರಪ್ರೇಮವನ್ನು ಯಾರೂ ಸಂದೇಹಿಸತಕ್ಕದ್ದಲ್ಲ. ರಜೆ ಹಾಕಿ, ಊರಿನಿಂದ ಊರಿಗೆ ಪ್ರಯಾಣ ಮಾಡಿ, ಬಾಗಿಲ ಮುಂದೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ನೋಡುವವರು ಅವರು. ಆಕ್ಷೇಪಣೆಯಿರುವುದು ಅವರ ಪ್ರೀತಿಯ ಮೇಲಲ್ಲ, ಆ ಪ್ರೀತಿಯನ್ನು ಓಟದ ಪಂದ್ಯವನ್ನಾಗಿ ಮಾಡಿರುವ ಕ್ರಮದ ಮೇಲೆ. ಬೆಂಗಳೂರಿನಲ್ಲಿ 2025ರ ಮಾರ್ಚಿ ತಿಂಗಳಲ್ಲಿ ಜರುಗಿದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಸುಮಾರು ಒಂದು ವಾರದ ಅವಧಿಗೆ 200ರಷ್ಟು ಚಿತ್ರಗಳನ್ನು ತುಂಬಿದ್ದರು. ದಿನಕ್ಕೆ ಐದರಂತೆ ಏಳು ದಿನವೂ ಎಡೆಬಿಡದೆ ನೋಡಿದವನಿಗೆ ದಕ್ಕುವುದು 35. ಅಂದರೆ ಊಟ ನಿದ್ರೆಗಳನ್ನು ತೊರೆದ ಮಹಾಸಾಹಸಿಗೂ ಐದರಲ್ಲಿ ಒಂದು ಪಾಲು ಪೂರ್ತಿಯಾಗಿ ಸಿಕ್ಕುವುದಿಲ್ಲ. ಉಳಿದ ನಾಲ್ಕು ಪಾಲನ್ನು ಕಳೆದುಕೊಂಡೆನಲ್ಲಾ ಎಂಬ ವ್ಯಥೆಯೊಂದನ್ನು ಮನೆಗೆ ಹೊತ್ತು ತರುತ್ತಾನೆ. ಅತಿಥಿಯು ತಿನ್ನಲಾರದಷ್ಟನ್ನು ಬಡಿಸಿ, ಆತನ ಎಲೆಯಲ್ಲಿ ಉಳಿದುದನ್ನು ತನ್ನ ಔದಾರ್ಯದ ಅಳತೆಯೆಂದು ಎಣಿಸುವ ಗೃಹಸ್ಥನಂತಾಯಿತು ಉತ್ಸವ ನಡೆಸುವವರ ರೀತಿ.

ನಮ್ಮ ಪೂರ್ವಿಕರಿಗೆ ಚಲಚ್ಚಿತ್ರವು ತಿಳಿದಿರಲಿಲ್ಲ. ಆದರೆ ನೋಡುವವನ ಮನಸ್ಸು ತಿಳಿದಿದ್ದಿತು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತ 27ನೆಯ ಅಧ್ಯಾಯವೊಂದಿದೆ. ಯಾವ ಯಾವ ವೇಳೆಯಲ್ಲಿ ನಾಟ್ಯವನ್ನು ಪ್ರಯೋಗಿಸಬಾರದೆಂಬುದನ್ನು ಮುನಿಯು ಅಲ್ಲಿ ಎಣಿಸಿ ಹೇಳಿದ್ದಾನೆ: ನಡುಹಗಲು, ನಡುರಾತ್ರಿ, ಸಂಧ್ಯಾಕಾಲ, ಊಟದ ಹೊತ್ತು. ಇದನ್ನು ಮಡಿವಂತರ ಕಟ್ಟಳೆಯೆಂದು ನಗುವವರು ಸ್ವಲ್ಪ ನಿಂತು ಯೋಚಿಸಬೇಕು. ಹಸಿದವನ ಗಮನವು ಹೊಟ್ಟೆಯ ಮೇಲೆ, ನಿದ್ದೆಗೆಟ್ಟವನ ಗಮನವು ರೆಪ್ಪೆಯ ಮೇಲೆ ಎಂಬುದು ಯಾವ ಶತಮಾನದಲ್ಲಿಯೂ ಸುಳ್ಳಾಗತಕ್ಕದ್ದಲ್ಲ. ಉತ್ಸವದ ವೇಳಾಪಟ್ಟಿಯನ್ನು ತೆಗೆದು ನೋಡಿದರೆ, ಮುನಿಯು ನಿಷೇಧಿಸಿದ ಹೊತ್ತುಗಳನ್ನೇ ಹುಡುಕಿ ಹುಡುಕಿ ಚಿತ್ರಗಳನ್ನು ಇಟ್ಟಂತೆ ತೋರುವುದು.

ಅಭಿನವಗುಪ್ತಪಾದರು ಇನ್ನೂ ಮುಂದಕ್ಕೆ ಹೋದರು. ರಸವೆಂಬುದು ವಿಘ್ನವಿಲ್ಲದ ಪ್ರತೀತಿ, ಚಿತ್ತದ ವಿಶ್ರಾಂತಿ. ಅದಕ್ಕೆ ಅಡ್ಡಬರುವ ವಿಘ್ನಗಳು ಏಳು ಎಂದು ಅವರು ನಿರೂಪಿಸಿದ್ದಾರೆ. ಅವುಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಎದುರಿನ ವಸ್ತುವನ್ನು ಮರೆಯುವುದು. ರಂಗಮಂದಿರದ ಅಲಂಕಾರ, ವಾದ್ಯ, ಗೀತ, ಪೂರ್ವರಂಗ ಇವೆಲ್ಲ ಬರಿಯ ಆಡಂಬರಕ್ಕಾಗಿ ಅಲ್ಲ; ಬೀದಿಯಿಂದ ಬಂದವನ ಮನಸ್ಸನ್ನು ಬೀದಿಯಿಂದ ಬಿಡಿಸುವುದಕ್ಕಾಗಿ. ಉತ್ಸವಪ್ರಿಯನಿಗೆ ಪೂರ್ವರಂಗವೆಲ್ಲಿಯದು? ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಕತ್ತಲಲ್ಲಿ ಇನ್ನೊಬ್ಬರ ಕಾಲು ತುಳಿದು, ಆಸನವನ್ನು ಹಿಡಿದು ಕುಳಿತು, ಮೊಬೈಲಿನ ಬೆಳಕಿನಲ್ಲಿ ಮುಂದಿನ ಚಿತ್ರದ ವೇಳೆಯನ್ನು ನೋಡಿಕೊಳ್ಳುವವನ ಚಿತ್ತಕ್ಕೆ ವಿಶ್ರಾಂತಿಯೆಂಬುದು ಗಗನಕುಸುಮ. ಹಿಂದಿನ ಚಿತ್ರದ ಕರುಣವು ಇನ್ನೂ ಆರಿರುವುದಿಲ್ಲ. ಅದರ ಮೇಲೆ ಮುಂದಿನದರ ಹಾಸ್ಯವು ಬಂದು ಬೀಳುತ್ತದೆ. ಎರಡೂ ಕೆಡುತ್ತವೆ.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ನೋಡಬಹುದು. ಅಬ್ಬಾಸ್ ಕಿಯಾರೊಸ್ತಾಮಿ ಎಂಬ ಇರಾನಿನ ನಿರ್ದೇಶಕನು 1987ರಲ್ಲಿ ಒಂದು ಚಿತ್ರವನ್ನು ತೆಗೆದನು. 'ಗೆಳೆಯನ ಮನೆ ಎಲ್ಲಿ?' ಎಂಬುದು ಅದರ ಹೆಸರಿನ ಅರ್ಥ. ಕೋಕರ್ ಎಂಬ ಹಳ್ಳಿಯ ಶಾಲೆಯಲ್ಲಿ ಒಬ್ಬ ಹುಡುಗನು ಮನೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆಯದೆ ಬಿಡಿಹಾಳೆಯಲ್ಲಿ ಬರೆದು ತಂದಿದ್ದಾನೆ. ಇನ್ನೊಮ್ಮೆ ಹೀಗಾದರೆ ಶಾಲೆಯಿಂದ ಹೊರಗೆ ಹಾಕುವೆನೆಂದು ಉಪಾಧ್ಯಾಯನು ಗದರಿಸುತ್ತಾನೆ, ಹುಡುಗನು ಅಳುತ್ತಾನೆ. ಪಕ್ಕದಲ್ಲಿ ಕುಳಿತಿದ್ದ ಅಹ್ಮದನು ಸಂಜೆ ಮನೆಗೆ ಬಂದು ಚೀಲವನ್ನು ತೆರೆದರೆ, ಆ ಹುಡುಗನ ಪುಸ್ತಕವು ತಪ್ಪಿ ತನ್ನ ಚೀಲಕ್ಕೆ ಬಂದಿದೆ. ಹಿಂದಿರುಗಿಸದಿದ್ದರೆ ಗೆಳೆಯನ ಗತಿಯೇನು? ತಾಯಿಗೆ ಹೇಳುತ್ತಾನೆ. ಮೊದಲು ನಿನ್ನ ಪಾಠವನ್ನು ಬರೆ, ಮಗುವನ್ನು ತೂಗು ಎನ್ನುತ್ತಾಳೆ. ಮತ್ತೆ ಹೇಳುತ್ತಾನೆ, ಅದೇ ಉತ್ತರ. ಕೊನೆಗೆ ಓಡಿಹೋಗುತ್ತಾನೆ. ಅಂಕುಡೊಂಕಾದ ಹಾದಿಯಲ್ಲಿ ಗುಡ್ಡವನ್ನು ಹತ್ತಿ ಇಳಿದು ಪೋಷ್ಟೆ ಎಂಬ ಇನ್ನೊಂದು ಹಳ್ಳಿಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಲೆದು, ಮನೆಯನ್ನು ಕಾಣದೆ ಹಿಂದಿರುಗಿ, ಮತ್ತೆ ಹೋಗಿ, ಕತ್ತಲಾಗುವವರೆಗೆ ಹುಡುಕಿ, ಸೋತು ಮನೆಗೆ ಬಂದು, ರಾತ್ರಿ ಗೆಳೆಯನ ಪಾಠವನ್ನೂ ತಾನೇ ಬರೆದು ಮರುದಿನ ಅವನ ಮುಂದೆ ಇಡುತ್ತಾನೆ.

ಉತ್ಸವಪ್ರಿಯನ ಪಟ್ಟಿಯಲ್ಲಿ ಇಂಥ ಚಿತ್ರಕ್ಕೆ ದೊರೆಯುವುದು ಒಂದೇ ವಾಕ್ಯ: ಕಥೆಯೇನೂ ಇಲ್ಲ, ಹುಡುಗನ ನಟನೆಯು ಸಹಜವಾಗಿದೆ. ಕಥೆಯಿಲ್ಲವೆ? ದೊಡ್ಡವರು ಮಕ್ಕಳ ಮಾತನ್ನು ಕೇಳದಿರುವ ಅಪರಾಧವು ಅಲ್ಲಿ ಎಷ್ಟು ಬಗೆಯಾಗಿ ನಡೆಯುತ್ತದೆಯೆಂಬುದನ್ನು ಎಣಿಸಿದವರು ಅಪೂರ್ವ. ತಾಯಿಯದು ಕೆಲಸದ ಕಿವುಡು. ಅಜ್ಜನದು ಶಿಸ್ತಿನ ಕಿವುಡು. ಸಿಗರೇಟು ತನ್ನ ಬಳಿಯಿದ್ದರೂ ತರಹೇಳಿ ಹುಡುಗನನ್ನು ಅಟ್ಟುತ್ತಾನೆ, ವಿಧೇಯತೆಯನ್ನು ಕಲಿಸುವ ನೆಪದಿಂದ. ಉಪಾಧ್ಯಾಯನದು ಅಧಿಕಾರದ ಕಿವುಡು. ಈ ಮೂರನೆಯದನ್ನು ನೋಡಿ ನಾಚದ ಉಪಾಧ್ಯಾಯರು ಯಾವ ದೇಶದಲ್ಲಿಯೂ ಇರಲಾರರು. ಹುಡುಗನು ಹೇಳಿದ್ದನ್ನೇ ಹೇಳುತ್ತಿರುವಾಗ ಪ್ರೇಕ್ಷಕನಿಗೆ ಬೇಸರವಾಗುವುದಾದರೆ, ಆ ಬೇಸರವು ತಾಯಿಯ ಬೇಸರವೇ. ಚಿತ್ರವು ಅವನನ್ನು ಅಲ್ಲಿಯೇ ಹಿಡಿಯುತ್ತದೆ. ಆದರೆ ಹಿಡಿಸಿಕೊಳ್ಳುವುದಕ್ಕೆ ಅವನು ಅಲ್ಲಿರಬೇಕಷ್ಟೆ! ಅವನ ಅರ್ಧ ಮನಸ್ಸು ಆಗಲೇ ನಾಲ್ಕನೆಯ ಪರದೆಯ ಮುಂದೆ ಸಾಲಿನಲ್ಲಿ ನಿಂತಿರುತ್ತದೆ.

ಈ ಅವಸರದ ತೀರ್ಪುಗಳಿಗೆ ಪ್ರಸಿದ್ಧ ಉತ್ಸವಗಳೂ ಹೊರತಲ್ಲ. ಫ್ರಾನ್ಸಿನ ಕಾನ್ ಪಟ್ಟಣದಲ್ಲಿ 1960ರಲ್ಲಿ ಅಂತೋನಿಯೋನಿಯ 'ಲಾವೆಂತೂರ'ವನ್ನು ತೋರಿಸಿದಾಗ ಸಭಿಕರು ನಕ್ಕರು, ಕೂಗಿದರು. ದ್ವೀಪವೊಂದರಲ್ಲಿ ಒಬ್ಬ ತರುಣಿಯು ಕಾಣೆಯಾಗುತ್ತಾಳೆ, ಕೊನೆಯವರೆಗೂ ಸಿಕ್ಕುವುದಿಲ್ಲ, ಹುಡುಕುವವರೇ ಅವಳನ್ನು ಮರೆಯತೊಡಗುತ್ತಾರೆ. ಮರೆಯುವುದೇ ಅಲ್ಲಿ ವಸ್ತು. ಮರುದಿನ ರೊಸೆಲ್ಲೀನಿ ಮೊದಲಾದ ನಿರ್ದೇಶಕರೂ ವಿಮರ್ಶಕರೂ ಸಹಿಮಾಡಿದ ಪ್ರತಿಭಟನೆಯೊಂದು ಹೊರಟಿತು. ತೀರ್ಪುಗಾರರ ಬಹುಮಾನವೂ ಬಂದಿತು. ಎರಡು ವರ್ಷಗಳ ತರುವಾಯ ವಿಮರ್ಶಕರ ಮತಗಣನೆಯಲ್ಲಿ ಅದೇ ಚಿತ್ರವು ಜಗತ್ತಿನ ಎರಡನೆಯದೆನಿಸಿತು. ಹಾಗೆಯೇ ಬೆಲ್ಜಿಯಮಿನ ಶಾಂತಾಲ್ ಅಕೆರ್ಮಾನ್ ತೆಗೆದ 'ಜಾನ್ ಡೀಲ್ಮಾನ್' 1975ರಲ್ಲಿ ಕಾನಿನಲ್ಲಿ ಬಂದಾಗ ಅನೇಕರು ಎದ್ದುಹೋದರು. ಒಬ್ಬ ಗೃಹಿಣಿಯು ಆಲೂಗಡ್ಡೆಯ ಸಿಪ್ಪೆ ತೆಗೆಯುವುದನ್ನು ಮೂರು ಗಂಟೆಗೂ ಮೀರಿದ ಚಿತ್ರದಲ್ಲಿ ಕುಳಿತು ನೋಡುವ ತಾಳ್ಮೆ ಯಾರಿಗಿದೆ? 2022ರಲ್ಲಿ ಲೋಕದ ವಿಮರ್ಶಕರ ಮತಗಣನೆಯಲ್ಲಿ ಪ್ರಥಮ ಸ್ಥಾನವು ಅದಕ್ಕೆ ಸಂದಿತು. ಮತಗಣನೆಯೂ ಒಂದು ಬಗೆಯ ಓಟವೇ ಎಂಬುದು ಬೇರೆ ಮಾತು. ಆದರೂ ಎದ್ದುಹೋದವರ ಅಭಿಪ್ರಾಯಕ್ಕೆ ಎಷ್ಟು ಬೆಲೆಯೆಂಬುದು ಇಷ್ಟರಿಂದ ತಿಳಿಯುತ್ತದೆ.

ಇದಕ್ಕೆ ಉತ್ಸವಪ್ರಿಯರು ಕೊಡುವ ಸಮಾಧಾನ ಒಂದುಂಟು, ಅದು ತೂಕವುಳ್ಳದ್ದೇ. ಈ ಚಿತ್ರಗಳು ಬೇರೆಲ್ಲಿಯೂ ದೊರೆಯುವುದಿಲ್ಲ. ವರ್ಷಕ್ಕೊಮ್ಮೆ ಹರಿಯುವ ಹೊಳೆಯಲ್ಲಿ ಮೊಗೆದಷ್ಟು ಮೊಗೆಯದೆ ಇರುವುದು ಹೇಗೆ, ಎಂದು. ಹೌದು. ಬರಗಾಲದವನು ಅವಸರವಾಗಿ ಉಣ್ಣುವುದು ಅವನ ದೋಷವಲ್ಲ. ಹಾಗಾದರೆ ಬರವನ್ನು ಉಂಟುಮಾಡಿದವರು ಯಾರು ಎಂಬುದನ್ನು ವಿಚಾರಿಸಬೇಕು. ಒಳ್ಳೆಯ ಚಿತ್ರಗಳನ್ನೆಲ್ಲ ಒಂದು ನಗರದಲ್ಲಿ ಒಂದು ವಾರಕ್ಕೆ ಗುಡ್ಡೆಹಾಕಿ, ಉಳಿದ ಐವತ್ತೊಂದು ವಾರವೂ ಉಳಿದ ಜಿಲ್ಲೆಗಳೆಲ್ಲವೂ ಬರಿದಾಗಿರುವಂತೆ ಮಾಡುವ ಏರ್ಪಾಡೇ ಆ ಬರ. ಬೆಂಗಳೂರಿನ ಉತ್ಸವವು ರಾಜ್ಯ ಸರ್ಕಾರದ ಪರವಾಗಿ ಚಲನಚಿತ್ರ ಅಕಾಡೆಮಿಯು ನಡೆಸುವಂಥದ್ದು. ಸರ್ಕಾರಕ್ಕೆ ತೆರಿಗೆ ಕೊಡುವವರಲ್ಲಿ ಕೊಪ್ಪ, ಯಲಬುರ್ಗ, ಹೂವಿನಹಡಗಲಿಗಳವರೂ ಇದ್ದಾರೆ.

ಈಗ ಮನೆಯಲ್ಲಿಯೇ ಕೈಯಲ್ಲಿ ಹಿಡಿದ ಗಾಜಿನ ಮೇಲೆ ಎಲ್ಲವೂ ಬರುತ್ತದೆಯಲ್ಲ ಎಂಬುವರಿಗೆ ಬಹಳ ಹೇಳಬೇಕಾದುದಿಲ್ಲ. ತೇರನ್ನು ಕಿಟಕಿಯಿಂದ ನೋಡಬಹುದು, ಎಳೆದಂತಾಗುವುದಿಲ್ಲ.

ಮೊದಲು ಹೀಗಿರಲಿಲ್ಲವೆಂಬುದನ್ನು ಮರೆಯಬಾರದು. ಭಾರತದ ಮೊದಲನೆಯ ಅಂತರರಾಷ್ಟ್ರೀಯ ಉತ್ಸವವು 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಅಲ್ಲಿಯೇ ನಿಲ್ಲದೆ ಮದ್ರಾಸು, ದೆಹಲಿ, ಕಲ್ಕತ್ತೆಗಳಿಗೆ ಸಂಚಾರ ಹೊರಟಿತು. ಯುದ್ಧಾನಂತರದ ರೋಮಿನಲ್ಲಿ ಬೈಸಿಕಲ್ಲನ್ನು ಕಳೆದುಕೊಂಡ ಬಡವನೂ ಅವನ ಮಗನೂ ಬೀದಿ ಬೀದಿ ಅಲೆಯುವ 'ಬೈಸಿಕಲ್ ಥೀವ್ಸ್' ಆಗ ಬಂದಿತು. ಅದನ್ನು ಕಂಡ ಬಿಮಲ್ ರಾಯರು ಮರುವರ್ಷವೇ 'ದೋ ಬೀಘಾ ಜಮೀನ್' ತೆಗೆದರು. ಒಂದೇ ಚಿತ್ರವು ಒಬ್ಬ ಸಹೃದಯನಲ್ಲಿ ನೆಲೆನಿಂತರೆ ಎಷ್ಟು ಫಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅನಂತರವೂ ರಾಷ್ಟ್ರದ ಉತ್ಸವವು ಊರೂರು ತಿರುಗುತ್ತಿದ್ದಿತು. 1980ರಲ್ಲಿಯೂ 1992ರಲ್ಲಿಯೂ ಬೆಂಗಳೂರಿಗೆ ಬಂದಿದ್ದಿತು. 2004ರಿಂದ ಅದು ಗೋವೆಯಲ್ಲಿ ನೆಲಸಿಬಿಟ್ಟಿತು. ಉತ್ಸವಮೂರ್ತಿಯು ಮೆರವಣಿಗೆ ಹೊರಡಬೇಕಲ್ಲದೆ, ಹೊರಡದೆ ಒಂದೆಡೆ ನೆಲೆಯೂರಿದರೆ ಅದು ಮೂಲವಿಗ್ರಹವಾಯಿತು.

ಹಳ್ಳಿಯವರಿಗೆ ಇಂಥ ಚಿತ್ರಗಳು ರುಚಿಸಲಾರವೆಂಬ ಮಾತನ್ನು ಎರಡು ಪಕ್ಷದವರೂ ಹೇಳುತ್ತಾರೆ. ವ್ಯಾಪಾರಿಗಳು ತಿರಸ್ಕಾರದಿಂದಲೂ ಪಂಡಿತರು ಹೆಮ್ಮೆಯಿಂದಲೂ ಹೇಳುತ್ತಾರೆಂಬುದಷ್ಟೇ ವ್ಯತ್ಯಾಸ. ಇದಕ್ಕೆ ಉತ್ತರವನ್ನು ಸಾಗರ ತಾಲ್ಲೂಕಿನ ಹೆಗ್ಗೋಡು ಎಂದೋ ಕೊಟ್ಟಾಗಿದೆ. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು, ಕೆ. ವಿ. ಸುಬ್ಬಣ್ಣನವರು ಅಡಕೆ ತೋಟದ ಜನರ ಮುಂದೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಇಟ್ಟರು. ಸತೀಶ್ ಬಹಾದೂರರು ಪುಣೆಯಿಂದ ಬಂದು ಪಾಠ ಹೇಳಿದರು. ನೋಡುವುದು, ಕುಳಿತು ಮಾತನಾಡುವುದು, ಮನೆಗೆ ಹೋಗಿ ಮಲಗುವುದು, ಕ್ರಮವು ಇಷ್ಟೇ. ಮಂಡ್ಯದ ಹಳ್ಳಿಯವರೇ ನಟಿಸಿದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಸ್ವರ್ಣಚಿರತೆಯ ಪ್ರಶಸ್ತಿಯನ್ನು ಪಡೆದು ಮರುವರ್ಷ ಕರ್ಣಾಟಕದ ಚಿತ್ರಮಂದಿರಗಳಿಗೆ ಬಂದಾಗ ಜನರು ನಕ್ಕು ನಲಿದು ನೋಡಿದರು. ಅವರಿಗೆ ಯಾರೂ ರಸಸೂತ್ರವನ್ನು ವ್ಯಾಖ್ಯಾನಿಸಿರಲಿಲ್ಲ.

'ಘಟಶ್ರಾದ್ಧ'ದ ಗತಿಯನ್ನು ನೆನೆದರೆ ಮಾತ್ರ ಖೇದವೆನಿಸುವುದು. ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ಈ ಚಿತ್ರಕ್ಕೆ ಆ ವರ್ಷದ ಸ್ವರ್ಣಕಮಲವು ಬಂದಿತು. ಜೀರ್ಣೋದ್ಧಾರವಾದ ಅದರ ಪ್ರತಿಯನ್ನು 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ತೋರಿಸಿದರು. ಮಲೆನಾಡಿನ ವೇದಪಾಠಶಾಲೆಗೆ ಹೊಸದಾಗಿ ಬಂದ ಬಾಲಕ ನಾಣಿಗೆ ಅಲ್ಲಿ ಅಕ್ಕರೆಯೆಂದು ದೊರೆತದ್ದು ಗುರುಗಳ ಮಗಳಾದ ವಿಧವೆ ಯಮುನೆಯೊಬ್ಬಳಿಂದಲೇ. ಆಕೆಯು ಗರ್ಭಿಣಿಯೆಂದು ತಿಳಿದಾಗ ತಂದೆಯು, ಬದುಕಿರುವ ಮಗಳಿಗೆ ಘಟವನ್ನೊಡೆದು ಶ್ರಾದ್ಧ ಮಾಡುತ್ತಾನೆ. ಇದನ್ನು ನೋಡದೆಯೇ ಧರ್ಮನಿಂದೆಯೆಂದು ದೂರುವವರಿದ್ದಾರೆ. ಉತ್ಸವದ ನಡುವೆ ನೋಡಿದವರು ವಿಚಿತ್ರವಾದೊಂದು ಆಚಾರದ ಚಿತ್ರಣವೆಂದು ಗುರುತುಮಾಡಿಕೊಂಡು ಮುಂದಿನ ಪರದೆಗೆ ಹೋಗುತ್ತಾರೆ. ಪಾಠಶಾಲೆಯಲ್ಲಿ ಓದಿದವರಿಗೆ ಅದು ಧರ್ಮನಿಂದೆಯೂ ಅಲ್ಲ, ವಿಚಿತ್ರವೂ ಅಲ್ಲ. ಚಾಪೆಯ ಮೇಲೆ ಮನೆಯ ನೆನಪಿನಲ್ಲಿ ನಿದ್ದೆಬಾರದೆ ಹೊರಳುವ ಹುಡುಗನನ್ನು ಅವರು ಬಲ್ಲರು. ಹಿರಿಯ ವಿದ್ಯಾರ್ಥಿಗಳ ಕಾಟವನ್ನು ಬಲ್ಲರು. ರಾಗವಾಗಿ ಹೇಳಿದ ಮಂತ್ರಕ್ಕೂ ಹಿತ್ತಲಲ್ಲಿ ಬಿಕ್ಕುವ ಹೆಂಗಸಿಗೂ ನಡುವೆ ಒಂದು ಗೋಡೆಯಷ್ಟೇ ಇದ್ದುದನ್ನೂ ಬಲ್ಲರು. ಚಿತ್ರವನ್ನು ನೋಡಿ ಎಲ್ಲರಿಗಿಂತ ಹೆಚ್ಚಾಗಿ ಕರಗತಕ್ಕವರೂ ತಮ್ಮ ನಡುವೆ ವಾದಮಾಡತಕ್ಕವರೂ ಅವರೇ. ಅವರಿರುವ ಶೃಂಗೇರಿ, ತೀರ್ಥಹಳ್ಳಿ, ಗೋಕರ್ಣಗಳಿಗೆ ವೆನಿಸ್ಸಿನಿಂದ ಹೊರಟ ಪ್ರತಿಯು ಎಂದು ಬರುವುದು?

ಅಕಾಡೆಮಿಯವರು 200ರ ಬದಲು 40 ಚಿತ್ರಗಳನ್ನು ಆರಿಸಲಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎರಡರ ನಡುವೆ ಊಟಕ್ಕೂ ಮಾತಿಗೂ ಹೊತ್ತಿರಲಿ. ಉತ್ಸವವು ಮುಗಿದ ಮೇಲೆ ಆ 40ರಲ್ಲಿ ಹನ್ನೆರಡನ್ನು, ಕನ್ನಡದಲ್ಲಿ ಅಡಿಬರಹವನ್ನು ಹಾಕಿಸಿ, ತಿಂಗಳಿಗೊಂದರಂತೆ ಜಿಲ್ಲೆಗಳ ಸಾಹಿತ್ಯಸಂಘಗಳಿಗೆ ಕಳುಹಿಸಲಿ. ಸಂಘಗಳಲ್ಲಿ ಸಭಾಂಗಣವಿದೆ, ಕುರ್ಚಿಗಳಿವೆ, ವಾದಮಾಡುವವರಿಗಂತೂ ಕೊರತೆಯಿಲ್ಲ. ಬೇಕಾಗಿರುವುದು ಒಂದು ಬಿಳಿಯ ಪರದೆ, ಒಂದು ಒಳ್ಳೆಯ ಯಂತ್ರ, ಸಂಧ್ಯಾವಂದನೆಯಾದ ಮೇಲಿನ ಎರಡು ಗಂಟೆ.